ಹುಂಜದ ಕಾಲುಮುಳ್ಳು: ಎಷ್ಟು ಮೊಂಡಾಗಿಸಬೇಕು, ಎಲ್ಲಿ ಮುಟ್ಟಬಾರದು

ಹಿತ್ತಲಲ್ಲಿ ಹತ್ತು ಹನ್ನೆರಡು ನಾಟಿ ಕೋಳಿಗಳನ್ನೋ, ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರದಂಥ ತಳಿಗಳನ್ನೋ ಸಾಕುವವರಿಗೆ, ಹುಂಜ ಒಂದು ವರ್ಷ ದಾಟಿ ಬಲಿತ ಮೇಲೆ ಒಂದು ತೊಡಕು ಎದುರಾಗುವುದುಂಟು. ಹೇಂಟೆಗಳ ಪಕ್ಕೆಯಲ್ಲಿ ಸೀಳುಗಾಯ ಕಾಣುತ್ತದೆ, ಮಕ್ಕಳು ಹಿತ್ತಲಿಗೆ ಇಳಿಯಲು ಅಂಜುತ್ತಾರೆ, ಇಲ್ಲವೇ ಹುಂಜವೇ ಕಾಲನ್ನು ಅಗಲಿಸಿ ಎಳೆದುಕೊಂಡು ನಡೆಯತೊಡಗುತ್ತದೆ. ಈ ಮೂರಕ್ಕೂ ಕಾರಣ ಕಾಲಿನ ಮುಳ್ಳೆಂದು ತೀರ್ಮಾನಿಸಿ, ಅದನ್ನು ಇಕ್ಕಳದಿಂದ ತಿರುಚಿ ಕೀಳುವ, ಬುಡಕ್ಕೇ ಕತ್ತರಿಸುವ, ಬೆಂದ ಆಲೂಗಡ್ಡೆ ಚುಚ್ಚಿ ಸಡಿಲಿಸುವ ಸಲಹೆಗಳು ಅಕ್ಕಪಕ್ಕದವರಿಂದಲೂ ಮೊಬೈಲ್ ವಿಡಿಯೊಗಳಿಂದಲೂ ಧಾರಾಳವಾಗಿ ದೊರೆಯುತ್ತವೆ. ಇವುಗಳಲ್ಲಿ ಬಹುಪಾಲು ಸಲಹೆಗಳು ಮುಳ್ಳನ್ನು ಉಗುರೆಂದು ಭಾವಿಸಿದ್ದರಿಂದ ಹುಟ್ಟಿದವು. ಮುಳ್ಳು ಉಗುರಲ್ಲ, ಅದರೊಳಗೆ ಮೂಳೆ ಇದೆ. ಈ ಒಂದು ಸಂಗತಿ ತಿಳಿದರೆ ಏನು ಮಾಡಬಹುದು, ಏನು ಮಾಡಬಾರದು ಎಂಬುದರ ಹೆಚ್ಚಿನ ಭಾಗ ತಾನಾಗಿ ಸ್ಪಷ್ಟವಾಗುತ್ತದೆ.

ಮುಳ್ಳಿನ ರಚನೆ ಮತ್ತು ಬೆಳವಣಿಗೆ

ಕಣಕಾಲಿನ ಒಳಮಗ್ಗುಲಿನಲ್ಲಿ, ಹಿಂಬೆರಳಿಗಿಂತ ತುಸು ಮೇಲೆ ಹುಟ್ಟುವ ಕಾಲುಮುಳ್ಳು ಹಸುವಿನ ಕೊಂಬಿನ ಹಾಗೆ ಎರಡು ಭಾಗಗಳಿಂದ ಆದದ್ದು. ಹೊರಗಿನದು ಕೆರಾಟಿನ್ ಎಂಬ ಗಟ್ಟಿ ಪ್ರೋಟೀನಿನ ಹೊದಿಕೆ. ಉಗುರು, ಕೊಕ್ಕು, ಗರಿಗಳೆಲ್ಲ ಇದೇ ಬಗೆಯ ವಸ್ತುವಿನಿಂದ ಆದವು, ಇದಕ್ಕೆ ನೋವಿನ ಅರಿವಿಲ್ಲ. ಒಳಗಿನದು ರಕ್ತನಾಳ ಮತ್ತು ನರಗಳಿರುವ ಸಜೀವ ಮೂಳೆಯ ತಿರುಳು. ಮರಿಯಲ್ಲಿ ಈ ಜಾಗದಲ್ಲಿ ಉಳಿದವುಗಳಿಗಿಂತ ದೊಡ್ಡದಾದ ಒಂದು ಹುರುಪೆ ಮಾತ್ರ ಕಾಣುತ್ತದೆ. ತಿಂಗಳುಗಳು ಕಳೆದಂತೆ ಅದು ಗುಬುಟಾಗಿ ಉಬ್ಬುತ್ತದೆ, ಒಳಗಿನ ಮೂಳೆ ಮೊದಲು ಬೇರೆಯಾಗಿಯೇ ರೂಪುಗೊಂಡು ಆಮೇಲೆ ಕಣಕಾಲಿನ ಮೂಳೆಗೆ ಬೆಸೆದುಕೊಳ್ಳುತ್ತದೆ. ಆದ್ದರಿಂದ ಬಲಿತ ಹುಂಜದ ಮುಳ್ಳನ್ನು ಬುಡಕ್ಕೆ ಕತ್ತರಿಸುವುದೆಂದರೆ ಕಾಲಿನ ಮೂಳೆಯ ಒಂದು ಕವಲನ್ನೇ ಕತ್ತರಿಸಿದಂತೆ, ಮತ್ತು ಅಲ್ಲಿ ಹೊಕ್ಕ ಸೋಂಕಿಗೆ ಕಾಲಿನ ಮೂಳೆಯವರೆಗೂ ದಾರಿ ತೆರೆದಿರುತ್ತದೆ.

ಹೊರಹೊದಿಕೆ ಹುಂಜ ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತದೆ. ಸಂತೆಯಲ್ಲಿ ಹುಂಜ ಕೊಳ್ಳುವವರು ಮೊದಲು ಕಾಲನ್ನು ಎತ್ತಿ ನೋಡುವುದು ಇದೇ ಕಾರಣಕ್ಕೆ. ಆದರೆ ತಳಿ, ಆಹಾರ, ಓಡಾಡುವ ನೆಲ ಇವುಗಳಿಗೆ ತಕ್ಕಂತೆ ಬೆಳವಣಿಗೆ ಬೇರೆಯಾಗುವುದರಿಂದ ಮುಳ್ಳಿನ ಉದ್ದ ವಯಸ್ಸನ್ನು ಸ್ಥೂಲವಾಗಿ ಸೂಚಿಸಬಲ್ಲದೇ ಹೊರತು ನಿಖರವಾಗಿ ಹೇಳಲಾರದು. ಅಸೀಲ್‌ನಂಥ ಕಾದಾಟದ ತಳಿಗಳ ರಕ್ತ ಬೆರೆತ ಹುಂಜಗಳಿಗೆ ಮುಳ್ಳಿನ ಜೊತೆಗೆ ಅದನ್ನು ಬಳಸುವ ಮನಸ್ಸೂ ಬಂದಿರುತ್ತದೆ.

ಮುಳ್ಳು ಗಂಡುತನದ ಗುರುತೆಂಬ ನಂಬಿಕೆ ಪೂರ್ತಿ ಸರಿಯಲ್ಲ. ಬೀಜ ತೆಗೆದ ಹುಂಜದ ಜುಟ್ಟು ಕುಗ್ಗಿ ಬಣ್ಣಗೆಡುತ್ತದೆ, ಆದರೆ ಮುಳ್ಳು ಬೆಳೆಯುತ್ತಲೇ ಇರುತ್ತದೆ. ಏಕೆಂದರೆ ಮುಳ್ಳು ಬೆಳೆಯಲು ಗಂಡು ಹಾರ್ಮೋನು ಬೇಕಿಲ್ಲ, ಅದನ್ನು ಬೆಳೆಯದಂತೆ ತಡೆದಿಡುವುದು ಹೇಂಟೆಯ ಅಂಡಾಶಯದಲ್ಲಿ ಉತ್ಪತ್ತಿಯಾಗುವ ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನು. ವಯಸ್ಸಾದ ಕೆಲವು ಹೇಂಟೆಗಳಲ್ಲಿ ಮುಳ್ಳು ಕಾಣಿಸಿಕೊಳ್ಳುವುದುಂಟು, ಅದನ್ನು ಅಪಶಕುನವೆಂದು ಬಗೆಯಬೇಕಾಗಿಲ್ಲ. 18ನೇ ಶತಮಾನದಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ ಎಳೆಯ ಹುಂಜದ ಮುಳ್ಳನ್ನು ಕಿತ್ತು ಅದರ ಜುಟ್ಟಿನಲ್ಲಿ ನೆಟ್ಟು, ಅದು ಅಲ್ಲಿಯೂ ಬೇರೂರಿ ಬೆಳೆಯುವುದನ್ನು ತೋರಿಸಿದ್ದನು. ಮುಳ್ಳಿನ ಅಂಗಾಂಶ ಎಷ್ಟು ಸಜೀವವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮೊದಲು ಗಾಯದ ಮೂಲ ತಿಳಿಯಬೇಕು

ಅರ ಕೈಗೆತ್ತಿಕೊಳ್ಳುವ ಮುನ್ನ ಹೇಂಟೆಯನ್ನು ಹಿಡಿದು ಪರೀಕ್ಷಿಸುವುದು ಅಗತ್ಯ. ಕೂಡುವಾಗ ಹುಂಜ ಹೇಂಟೆಯ ಬೆನ್ನೇರಿ, ಕೊಕ್ಕಿನಿಂದ ತಲೆಯ ಹಿಂಭಾಗದ ಗರಿ ಹಿಡಿದು, ಬೀಳದಂತೆ ಎರಡೂ ಕಾಲಿನ ಉಗುರುಗಳನ್ನು ಬೆನ್ನಿನ ಮೇಲೆ ಊರುತ್ತದೆ. ಆದ್ದರಿಂದ ಕತ್ತಿನ ಹಿಂದಿನ ಗರಿ ಉದುರಿದ್ದರೆ ಅದು ಕೊಕ್ಕಿನ ಕೆಲಸ; ಬೆನ್ನು ಬೋಳಾಗಿ ಗೀರುಗಳಿದ್ದರೆ ಅದು ಉಗುರಿನ ಕೆಲಸ. ರೆಕ್ಕೆಯ ಕೆಳಗೆ, ಪಕ್ಕೆಯ ಮೇಲೆ ಅಥವಾ ತೊಡೆಯ ಬುಡದಲ್ಲಿ ಚೂರಿಯಿಂದ ಎಳೆದಂಥ ಸೀಳಿದ್ದರೆ ಮಾತ್ರ ಅದು ಬಹುತೇಕ ಮುಳ್ಳಿನದು, ಹುಂಜ ಜಾರಿ ಇಳಿಯುವಾಗ ಅಥವಾ ಕಾಲು ಬದಲಿಸುವಾಗ ಆದದ್ದು. ಬೋಳು ಬೆನ್ನಿಗೆ ಮುಳ್ಳನ್ನು ಮೊಂಡಾಗಿಸಿ ಪ್ರಯೋಜನವಿಲ್ಲ; ಅಲ್ಲಿ ಉಗುರಿನ ತುದಿಗಳನ್ನು ತೆಗೆಯಬೇಕು, ಮತ್ತು ಅದಕ್ಕಿಂತ ಮುಖ್ಯವಾಗಿ ಹುಂಜಗಳ ಲೆಕ್ಕ ನೋಡಬೇಕು.

ಎಂಟರಿಂದ ಹತ್ತು ಹೇಂಟೆಗಳಿಗೆ ಒಂದು ಹುಂಜ ಸಾಕು. ಐದು ಹೇಂಟೆಗಳಿಗೆ ಎರಡು ಹುಂಜ ಬಿಟ್ಟುಕೊಂಡಿರುವ ಹಿತ್ತಲುಗಳಲ್ಲಿ ಎಷ್ಟು ಅರ ಉಜ್ಜಿದರೂ ಗಾಯ ನಿಲ್ಲುವುದಿಲ್ಲ. ಅಲ್ಲದೆ ಹುಂಜಕ್ಕೆ ಅಚ್ಚುಮೆಚ್ಚಿನ ಒಂದೆರಡು ಹೇಂಟೆಗಳಿರುವುದು ಸಾಮಾನ್ಯ. ಮಂದೆಯಲ್ಲಿ ಒಂದೇ ಹೇಂಟೆ ಮತ್ತೆ ಮತ್ತೆ ಗಾಯಗೊಳ್ಳುತ್ತಿದ್ದರೆ ಅದನ್ನು ಕೆಲವು ವಾರ ಬೇರೆ ಇಡುವುದು ಹುಂಜದ ಕಾಲಿಗೆ ಕೈಹಾಕುವುದಕ್ಕಿಂತ ಸುಲಭದ ದಾರಿ.

ಹುಂಜದ ಕಾಲಿನಲ್ಲೇ ತೊಂದರೆ ಇದ್ದರೆ ಇನ್ನೊಂದು ವ್ಯತ್ಯಾಸ ಗುರುತಿಸಬೇಕು. ಮುಳ್ಳು ಬಾಗಿ ಬೆಳೆದು ಅದೇ ಕಾಲಿಗೆ ಒತ್ತುತ್ತಿದ್ದರೆ, ಅಥವಾ ಉದ್ದವಾಗಿ ನಡೆಯುವಾಗ ಇನ್ನೊಂದು ಕಾಲಿಗೆ ತಗುಲುತ್ತಿದ್ದರೆ ಅದನ್ನು ಕಡಿಮೆ ಮಾಡಲೇಬೇಕು. ಹಾಗಲ್ಲದೆ ಕಾಲಿನ ಹುರುಪೆಗಳೆಲ್ಲ ಎದ್ದು, ಕೆಳಗೆ ಬಿಳಿಯ ಹಿಟ್ಟಿನಂಥ ಪದರ ಕಟ್ಟಿ ಕಾಲು ದಪ್ಪವಾಗಿದ್ದರೆ ಅದು ಹುರುಪೆಗಳಡಿ ಬಿಲ ತೋಡುವ ನುಸಿಯ ಬಾಧೆ. ಅಲ್ಲಿ ಮುಳ್ಳಿಗೆ ಏನೂ ಮಾಡಬೇಕಾಗಿಲ್ಲ. ಬೆಚ್ಚನೆಯ ಸೋಪುನೀರಿನಲ್ಲಿ ಕಾಲು ತೊಳೆದು, ಒಣಗಿಸಿ, ನುಸಿಗೆ ಉಸಿರುಕಟ್ಟುವಂತೆ ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆಯನ್ನು ದಪ್ಪವಾಗಿ ಹಚ್ಚುವುದನ್ನು ಹಲವು ವಾರ ಮುಂದುವರಿಸಬೇಕು, ಕೂರುವ ಗಳುವನ್ನೂ ಶುಚಿಗೊಳಿಸಬೇಕು. ಹಳ್ಳಿಗಳಲ್ಲಿ ಇದಕ್ಕೆ ಸೀಮೆಎಣ್ಣೆ ಹಚ್ಚುವ ರೂಢಿ ಇದೆ. ಅದು ಚರ್ಮವನ್ನು ಸುಡುವುದರಿಂದ ಬಿಡುವುದೇ ಒಳ್ಳೆಯದು.

ಮೊಂಡಾಗಿಸುವ ಕ್ರಮ

ಇಲ್ಲಿ ಗುರಿ ಮುಳ್ಳನ್ನು ತೆಗೆಯುವುದಲ್ಲ, ಅದರ ಚೂಪನ್ನು ತೆಗೆದು ತುದಿಯನ್ನು ದುಂಡಾಗಿಸುವುದು. ಮೂಳೆಯ ತಿರುಳು ಮುಳ್ಳಿನ ಉದ್ದದ ಬಹುಭಾಗವನ್ನು ತುಂಬಿಕೊಂಡಿದ್ದು ತುದಿಯ ಸ್ವಲ್ಪ ಭಾಗ ಮಾತ್ರ ಬರಿಯ ಹೊದಿಕೆಯಾಗಿರುತ್ತದೆ, ಆದ್ದರಿಂದ ಕೆಲಸ ಮಾಡಲು ಸಿಗುವ ಜಾಗ ಕಿರಿದು. ಬೇಕಾಗುವ ಸಾಮಗ್ರಿ ಇಷ್ಟು: ಸಣ್ಣ ಹಲ್ಲಿನ ಅರ, ಸ್ಯಾಂಡ್ ಪೇಪರ್, ಹಳೆಯ ಟವೆಲ್ ಅಥವಾ ಮೆತ್ತನೆಯ ಗೋಣಿ, ಟಾರ್ಚ್, ಹತ್ತಿ, ಪೋವಿಡೋನ್ ಅಯೋಡಿನ್ ದ್ರಾವಣ, ಕ್ಷೌರದಂಗಡಿಗಳಲ್ಲಿ ರಕ್ತ ನಿಲ್ಲಿಸಲು ಬಳಸುವ ಪಟಿಕದ ಪುಡಿ. ಪಟಿಕವಿಲ್ಲದಿದ್ದರೆ ಮೆಕ್ಕೆಜೋಳದ ಗಂಜಿಹಿಟ್ಟು, ಅಂದರೆ ಕಾರ್ನ್‌ಫ್ಲೋರ್ ಆದೀತು.

1. ಕತ್ತಲಾದ ಮೇಲೆ, ಹುಂಜ ಗಳುವಿನ ಮೇಲೆ ಕೂತ ನಂತರ ಹಿಡಿಯಬೇಕು. ಮಬ್ಬು ಬೆಳಕಿನಲ್ಲಿ ಕೋಳಿಗೆ ಸರಿಯಾಗಿ ಕಾಣದ ಕಾರಣ ಅದು ಕಾದಾಡುವುದಿಲ್ಲ. ಹಗಲಲ್ಲಿ ಅಟ್ಟಿಸಿಕೊಂಡು ಹಿಡಿದ ಹುಂಜ, ಅದರಲ್ಲೂ ಬೇಸಿಗೆಯಲ್ಲಿ, ಬಾಯಿ ತೆರೆದು ಏದುಸಿರು ಬಿಡುತ್ತ ಕುಸಿಯುವ ಅಪಾಯವಿದೆ.

2. ರೆಕ್ಕೆಗಳನ್ನು ಮೈಗೆ ಸೇರಿಸಿ ಟವೆಲ್ ಸುತ್ತಿ, ತಲೆಯನ್ನು ಸಡಿಲವಾಗಿ ಮುಚ್ಚಿ, ಒಬ್ಬರು ತೊಡೆಯ ಮೇಲೆ ಇಟ್ಟುಕೊಳ್ಳಬೇಕು, ಇನ್ನೊಬ್ಬರು ಕೆಲಸ ಮಾಡಬೇಕು. ಹಕ್ಕಿಗಳಿಗೆ ಮನುಷ್ಯರಂತೆ ವಪೆ, ಅಂದರೆ ಉಸಿರಾಟಕ್ಕೆ ನೆರವಾಗುವ ಎದೆ-ಹೊಟ್ಟೆಗಳ ನಡುವಿನ ಸ್ನಾಯುಪರದೆ ಇಲ್ಲ. ಎದೆಯ ಮೂಳೆಯನ್ನು ಮುಂದೆ ಹಿಂದೆ ಆಡಿಸಿಯೇ ಅವು ಗಾಳಿ ಎಳೆದುಕೊಳ್ಳುತ್ತವೆ. ಹೀಗಾಗಿ ಎದೆಯನ್ನು ಬಿಗಿಯಾಗಿ ಒತ್ತಿ ಹಿಡಿದರೆ ಮೂಗು ಬಾಯಿ ತೆರೆದಿದ್ದರೂ ಹುಂಜ ಉಸಿರುಕಟ್ಟಿ ಸಾಯಬಹುದು. ಕಾಲು ಹಿಡಿದು ತಲೆಕೆಳಗಾಗಿ ಬಹಳ ಹೊತ್ತು ನೇತುಹಾಕುವುದೂ ಇದೇ ಕಾರಣಕ್ಕೆ ತಪ್ಪು.

3. ಕಾಲನ್ನು ಮುಳ್ಳಿನ ಸಮೀಪವೇ, ಕಣಕಾಲಿನಲ್ಲಿ ಭದ್ರವಾಗಿ ಹಿಡಿಯಬೇಕು. ತೊಡೆಯನ್ನು ಮಾತ್ರ ಹಿಡಿದರೆ ಒದೆಯುವಾಗ ಕೀಲು ಉಳುಕುತ್ತದೆ.

4. ಬೆಚ್ಚನೆಯ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಹತ್ತು ನಿಮಿಷ ಮುಳ್ಳಿಗೆ ಸುತ್ತಿದರೆ ಕೆಸರು ಬಿಡುತ್ತದೆ, ಹೊದಿಕೆ ತುಸು ಮೆದುವಾಗುತ್ತದೆ. ನೀರು ಕೈಗೆ ಹಿತವಾಗುವಷ್ಟೇ ಬಿಸಿಯಿರಲಿ.

5. ಮುಳ್ಳಿನ ಒಂದು ಬದಿಯಿಂದ ಟಾರ್ಚ್ ಹಿಡಿದು ನೋಡಬೇಕು. ತಿಳಿ ಬಣ್ಣದ ಮುಳ್ಳಿನಲ್ಲಿ ತಿರುಳು ನೆರಳಾಗಿ ಕಂಡು ಅದು ಎಲ್ಲಿಗೆ ಮುಗಿಯುತ್ತದೆಂಬ ಅಂದಾಜು ಸಿಗುತ್ತದೆ. ಕಡಕ್‌ನಾಥ್‌ನಂಥ ಕಪ್ಪು ಕಾಲಿನ ಕೋಳಿಗಳಲ್ಲಿ ಈ ಉಪಾಯ ನಡೆಯದು. ಅಲ್ಲಿ ಚೂಪನ್ನು ಮಾತ್ರ ಮುರಿದು ನಿಲ್ಲಿಸುವುದು ಕ್ಷೇಮ.

6. ಅರವನ್ನು ಒಂದೇ ದಿಕ್ಕಿನಲ್ಲಿ, ಬುಡದಿಂದ ತುದಿಯ ಕಡೆಗೆ ಉಜ್ಜುತ್ತ, ಒಂದೆರಡು ಮಿಲಿಮೀಟರ್ ತೆಗೆದ ಮೇಲೆ ನಿಲ್ಲಿಸಿ ತುದಿಯ ನಡುಭಾಗವನ್ನು ನೋಡಬೇಕು. ಅಲ್ಲಿ ಸುತ್ತಲಿಗಿಂತ ಬೇರೆ ಬಣ್ಣದ, ತೇವವಿರುವ ಅಥವಾ ಗುಲಾಬಿ ಛಾಯೆಯ ಚುಕ್ಕೆ ಕಾಣಿಸಿದರೆ ತಿರುಳು ಹತ್ತಿರವಾಯಿತೆಂದು ತಿಳಿದು ಅಲ್ಲಿಗೇ ಬಿಡಬೇಕು. ಮುಳ್ಳು ತುಂಬ ಉದ್ದವಾಗಿದ್ದರೂ ಒಂದು ಸಲಕ್ಕೆ ಮೂರನೆಯ ಒಂದು ಭಾಗವನ್ನು ಮೀರಬಾರದು; ಸಾಮಾನ್ಯ ಮುಳ್ಳಿನಲ್ಲಿ ಅಷ್ಟೂ ಬೇಕಾಗುವುದಿಲ್ಲ.

7. ಕೊನೆಗೆ ಸ್ಯಾಂಡ್ ಪೇಪರಿನಿಂದ ಅಂಚುಗಳನ್ನೆಲ್ಲ ದುಂಡಾಗಿಸಬೇಕು. ಈ ಹಂತವನ್ನು ಬಿಡುವವರೇ ಹೆಚ್ಚು. ಚಪ್ಪಟೆಯಾಗಿ ಕತ್ತರಿಸಿ ಬಿಟ್ಟ ಮುಳ್ಳಿನ ಅಂಚು ಮೊದಲಿದ್ದ ಚೂಪಿಗಿಂತ ಕೆಟ್ಟದಾಗಿ ಸೀಳುತ್ತದೆ.

8. ಎರಡೂ ಕಾಲುಗಳ ಕೆಲಸ ಮುಗಿದ ಮೇಲೆ ಉಗುರಿನ ತುದಿಗಳನ್ನೂ ಹಾಗೆಯೇ ಮೊಂಡಾಗಿಸಿ, ಹುಂಜವನ್ನು ಗಳುವಿನ ಮೇಲೇ ಮರಳಿ ಕೂರಿಸಬೇಕು. ಮೂರು ನಾಲ್ಕು ತಿಂಗಳಿಗೊಮ್ಮೆ ನೋಡಿಕೊಂಡರೆ ಸಾಕಾಗುತ್ತದೆ.

ರಕ್ತ ಬಂದರೆ ಗಾಬರಿಯಾಗದೆ ತುದಿಯ ಮೇಲೆ ಪಟಿಕದ ಪುಡಿ ಹಾಕಿ, ಹತ್ತಿಯಿಂದ ಐದು ನಿಮಿಷ ಎತ್ತಿ ನೋಡದೆ ಒತ್ತಿ ಹಿಡಿಯಬೇಕು. ನಿಂತ ಮೇಲೆ ಅಯೋಡಿನ್ ದ್ರಾವಣ ಹಚ್ಚಿ, ಒಣ ನೆಲದಲ್ಲಿ ಒಂದೆರಡು ದಿನ ಒಂಟಿಯಾಗಿ ಇಡಬೇಕು, ಏಕೆಂದರೆ ಕೆಂಪು ಕಂಡಲ್ಲಿ ಕುಕ್ಕುವುದು ಕೋಳಿಗಳ ಸ್ವಭಾವ. ಕಾಲು ಗಂಟೆ ಕಳೆದರೂ ರಕ್ತ ನಿಲ್ಲದಿದ್ದರೆ, ಅಥವಾ ಮುಂದಿನ ದಿನಗಳಲ್ಲಿ ಮುಳ್ಳಿನ ಬುಡ ಊದಿ ಬಿಸಿಯಾದರೆ ಪಶುವೈದ್ಯರಿಗೆ ತೋರಿಸಬೇಕು.

ಎಲ್ಲರೂ ಮಾಡುವ ತಪ್ಪುಗಳು

ಕತ್ತರಿಯ ಮೇಲಿನ ಭರವಸೆ ಇವುಗಳಲ್ಲಿ ಮೊದಲನೆಯದು. ನಾಯಿಯ ಉಗುರು ಕತ್ತರಿಸುವ ಉಪಕರಣವೋ ತೋಟದ ಕತ್ತರಿಯೋ ಹೊದಿಕೆಯನ್ನು ಎರಡು ಕಡೆಯಿಂದ ಅದುಮುವುದರಿಂದ, ಗಟ್ಟಿಯಾದ ಮುಳ್ಳು ಅಡ್ಡಕ್ಕೆ ತುಂಡಾಗುವ ಬದಲು ಉದ್ದಕ್ಕೆ ಬಿರಿಯುತ್ತದೆ, ಬಿರುಕು ತಿರುಳಿನವರೆಗೂ ಓಡುತ್ತದೆ. ಎಳೆಯ ಹುಂಜದ ತೆಳುವಾದ ತುದಿಗೆ ಕತ್ತರಿ ನಡೆಯುತ್ತದೆ, ಬಲಿತದ್ದಕ್ಕೆ ಅರವೇ ಸರಿ. ವಿದ್ಯುತ್ತಿನಿಂದ ತಿರುಗುವ ಸಾಣೆಯ ಉಪಕರಣ ಬಳಸುವವರು ಅದು ಹುಟ್ಟಿಸುವ ಬಿಸಿಯನ್ನು ಮರೆಯುತ್ತಾರೆ. ಕೆಲವೇ ಸೆಕೆಂಡು ತಾಗಿಸಿ ತೆಗೆಯದಿದ್ದರೆ ಹೊದಿಕೆಯ ಮೂಲಕ ತಿರುಳಿಗೆ ಸುಟ್ಟಗಾಯವಾಗುತ್ತದೆ.

ಇಕ್ಕಳದಿಂದ ತಿರುಚಿ ಹೊದಿಕೆಯನ್ನು ಪೂರ್ತಿ ಕಳಚುವ ಕ್ರಮವನ್ನು ಕುರಿತು ಸ್ವಲ್ಪ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ನೋಡಲು ಅದು ಬಲು ಸಲೀಸು. ಹೊದಿಕೆ ಟೊಪ್ಪಿಗೆಯಾಗಿ ಕಳಚಿ ಬರುತ್ತದೆ, ಒಳಗೆ ಕೆಂಪಗಿನ ಮೆದುವಾದ ತಿರುಳು ಬತ್ತಲಾಗಿ ಉಳಿಯುತ್ತದೆ, ವಾರಗಳ ಮೇಲೆ ಅದು ಗಟ್ಟಿಯಾಗಿ ಹೊಸ ಹೊದಿಕೆ ಬೆಳೆಯುತ್ತದೆ. ಹಾಗೆ ಗಟ್ಟಿಯಾಗುವವರೆಗೆ ನರಗಳಿರುವ ಆ ತಿರುಳು ತಗುಲಿದಲ್ಲೆಲ್ಲ ನೋಯುತ್ತದೆ, ಸುಲಭವಾಗಿ ರಕ್ತ ಸುರಿಸುತ್ತದೆ, ಕೊಟ್ಟಿಗೆಯ ಸಗಣಿ ಮಣ್ಣಿಗೆ ತೆರೆದಿರುತ್ತದೆ. ಹುಂಜ ಕೂಗದೆ ಸುಮ್ಮನಿರುವುದನ್ನು ನೋವಿಲ್ಲವೆಂಬುದಕ್ಕೆ ಸಾಕ್ಷಿಯಾಗಿ ತೋರಿಸಲಾಗುತ್ತದೆ. ಬೇಟೆಗೆ ಬಲಿಯಾಗುವ ಜಾತಿಯ ಹಕ್ಕಿ ಹಿಡಿತಕ್ಕೆ ಸಿಕ್ಕಾಗ ನೋವನ್ನು ತೋರ್ಪಡಿಸದೆ ನಿಶ್ಚಲವಾಗುವುದು ಅದರ ಹುಟ್ಟುಗುಣ. ಬಿಸಿ ಆಲೂಗಡ್ಡೆಯನ್ನು ಮುಳ್ಳಿಗೆ ಚುಚ್ಚಿ ಹಿಡಿದು ಸಡಿಲಿಸುವುದು ಇದರದೇ ಇನ್ನೊಂದು ರೂಪ. ಅದರ ಆವಿ ಕಾಲಿನ ಚರ್ಮಕ್ಕೆ ತಾಗಿದರೆ ಸುಟ್ಟಗಾಯವೂ ಸೇರಿಕೊಳ್ಳುತ್ತದೆ. ಮುಳ್ಳು ಒಡೆದೋ ಕೊಳೆತೋ ಹೊದಿಕೆಯನ್ನು ತೆಗೆಯಲೇಬೇಕಾದ ಸಂದರ್ಭಗಳಿವೆ, ಆದರೆ ಅದು ಅರಿವಳಿಕೆ ಮತ್ತು ನೋವುನಿವಾರಕ ಕೊಡಬಲ್ಲ ಪಶುವೈದ್ಯರ ಕೆಲಸ, ಹಿತ್ತಲಿನ ಕೆಲಸವಲ್ಲ.

ಮುಳ್ಳಿಗೆ ರಬ್ಬರ್ ಕೊಳವೆಯ ತುಂಡು ತೊಡಿಸುವುದು ಕೆಲದಿನದ ಮಟ್ಟಿಗೆ ಒಳ್ಳೆಯ ಉಪಾಯ, ಗಾಯಗೊಂಡ ಹೇಂಟೆ ವಾಸಿಯಾಗುವವರೆಗೆ ಉಪಯೋಗಕ್ಕೆ ಬರುತ್ತದೆ. ಅದನ್ನು ದಾರದಿಂದ ಕಾಲಿಗೆ ಬಿಗಿದು ಕಟ್ಟಬಾರದು, ರಕ್ತಸಂಚಾರ ನಿಲ್ಲುತ್ತದೆ.

ಕರಾವಳಿಯ ಕೋಳಿ ಅಂಕದಲ್ಲಿ ಕಾದಾಟದ ಹುಂಜಗಳ ಕಾಲಿಗೆ ಹರಿತವಾದ ಕತ್ತಿ ಕಟ್ಟುವ ಪದ್ಧತಿ ಇರುವುದು ಎಲ್ಲರಿಗೂ ತಿಳಿದದ್ದೇ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಸೆಕ್ಷನ್ ಪ್ರಕಾರ ಪ್ರಾಣಿಗಳನ್ನು ಕಾದಾಟಕ್ಕೆ ಪ್ರಚೋದಿಸುವುದು ಅಪರಾಧ.

ಹೇಂಟೆಯ ಆರೈಕೆ

ಪಕ್ಕೆಯ ಸೀಳು ಗರಿಗಳಡಿ ಮುಚ್ಚಿಹೋಗುವುದರಿಂದ ಅದು ಬೆರಳುದ್ದವಾದ ಮೇಲೆಯೇ, ಕೆಲವೊಮ್ಮೆ ವಾಸನೆ ಬಂದ ಮೇಲೆಯೇ ಕಣ್ಣಿಗೆ ಬೀಳುತ್ತದೆ. ವಾರಕ್ಕೊಮ್ಮೆ ಪ್ರತಿ ಹೇಂಟೆಯ ರೆಕ್ಕೆ ಎತ್ತಿ ನೋಡುವ ಅಭ್ಯಾಸ, ಮಳೆಗಾಲದಲ್ಲಿ ಇನ್ನೂ ಬೇಗ ಬೇಗ ನೋಡುವ ಅಭ್ಯಾಸ ಇದ್ದರೆ ಬಹಳಷ್ಟು ಕೋಳಿಗಳು ಉಳಿಯುತ್ತವೆ. ಗಾಯದ ಸುತ್ತಲ ಗರಿಗಳನ್ನು ಕೀಳದೆ ಕತ್ತರಿಸಿ, ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸುಮಾರು 9 ಗ್ರಾಂ ಉಪ್ಪು ಬೆರೆಸಿದ ದ್ರಾವಣದಿಂದ ತೊಳೆದು, ನೀರು ಬೆರೆಸಿ ತೆಳುಗೊಳಿಸಿದ ಪೋವಿಡೋನ್ ಅಯೋಡಿನ್ ಹಚ್ಚಿ, ಮಂದೆಯಿಂದ ಬೇರ್ಪಡಿಸಬೇಕು. ಸ್ನಾಯು ಕಾಣುವಷ್ಟು ಆಳದ ಗಾಯಕ್ಕೆ ಹೊಲಿಗೆ ಬೇಕಾಗಬಹುದು. ನೊಣ ಕೂತು ಹುಳು ಬಿದ್ದಿದ್ದರೆ ದನಗಳ ಗಾಯಕ್ಕೆ ಬಳಸುವ ಫಿನಾಯಿಲ್, ನುಸಿಗುಳಿಗೆಯ ಪುಡಿಗಳನ್ನು ಕೋಳಿಗೆ ಹಾಕಬಾರದು, ಅವು ಕೋಳಿಗೇ ವಿಷ. ಉಪ್ಪುನೀರಿನಿಂದ ತೊಳೆದು ಚಿಮುಟದಿಂದ ಹುಳು ಆರಿಸಿ ಕೂಡಲೇ ಪಶು ಚಿಕಿತ್ಸಾಲಯಕ್ಕೆ ಒಯ್ಯಬೇಕು. ಔಷಧದಂಗಡಿಯಿಂದ ಪ್ರತಿಜೈವಿಕ ಮಾತ್ರೆ ತಂದು ಪುಡಿಮಾಡಿ ಹಾಕುವವರು ಆ ಹೇಂಟೆಯ ಮೊಟ್ಟೆಯನ್ನು ಮನೆಯ ಮಕ್ಕಳೇ ತಿನ್ನುತ್ತಾರೆಂಬುದನ್ನು ನೆನಪಿಡಬೇಕು. ಔಷಧದ ಶೇಷ ಮೊಟ್ಟೆಯಲ್ಲಿ ಎಷ್ಟು ದಿನ ಉಳಿಯುತ್ತದೆಂದು ವೈದ್ಯರನ್ನು ಕೇಳಿ ತಿಳಿದುಕೊಳ್ಳಬೇಕು.

ವಾಸಿಯಾದ ಹೇಂಟೆಗೆ ಬೆನ್ನುಬಟ್ಟೆ ತೊಡಿಸಬಹುದು. ಹಳೆಯ ಜೀನ್ಸ್‌ನಂಥ ದಪ್ಪ ಬಟ್ಟೆಯನ್ನು ಕತ್ತಿನ ಬುಡದಿಂದ ಬಾಲದ ಬುಡದವರೆಗೆ ಬರುವಂತೆ ಕತ್ತರಿಸಿ, ಎರಡು ರೆಕ್ಕೆಗಳು ತೂರುವಂತೆ ಎಲಾಸ್ಟಿಕ್ ಕುಣಿಕೆ ಹೊಲಿದರೆ ಅದು ಸಿದ್ಧ. ಮುಳ್ಳಿನ ಗಾಯ ಆಗುವುದು ಪಕ್ಕೆಯಲ್ಲಿ ಆದ್ದರಿಂದ ಬಟ್ಟೆಯ ಬದಿಗಳು ಪಕ್ಕೆಯ ಮೇಲೆ ಇಳಿಯುವಷ್ಟು ಅಗಲ ಇರಬೇಕು. ಬಟ್ಟೆಯ ಕೆಳಗೆ ಹೇನು ಸೇರುವುದರಿಂದ ವಾರಕ್ಕೊಮ್ಮೆ ತೆಗೆದು ನೋಡಬೇಕು, ಕಡುಬೇಸಿಗೆಯಲ್ಲಿ ತೊಡಿಸದಿರುವುದೇ ವಾಸಿ.

ಮನುಷ್ಯರ ಮೇಲೆ ಎಗರುವ ಹುಂಜ

ಮುಳ್ಳು ಮೊಂಡಾದರೆ ಪೆಟ್ಟಿನ ತೀವ್ರತೆ ಕಡಿಮೆಯಾಗುತ್ತದೆ, ಎಗರುವ ಬುದ್ಧಿ ಕಡಿಮೆಯಾಗುವುದಿಲ್ಲ. ಕಾಲಿನಿಂದ ಒದ್ದು ಓಡಿಸುವುದನ್ನು ಹುಂಜ ಕಾದಾಟದ ಆಹ್ವಾನವೆಂದೇ ತಿಳಿಯುತ್ತದೆ, ಬೆನ್ನು ತಿರುಗಿಸಿ ಓಡುವುದನ್ನು ತನ್ನ ಗೆಲುವೆಂದು ತಿಳಿಯುತ್ತದೆ. ಕೈಯಲ್ಲಿ ಬುಟ್ಟಿಯನ್ನೋ ಮೊರವನ್ನೋ ಅಡ್ಡ ಹಿಡಿದು ನಿಧಾನವಾಗಿ ಮುಂದೆ ನಡೆಯುವುದು ಈ ಎರಡಕ್ಕಿಂತ ಲೇಸು. ಚಿಕ್ಕ ಮಕ್ಕಳ ಮುಖ ಹುಂಜ ಎಗರುವ ಎತ್ತರದಲ್ಲೇ ಇರುವುದರಿಂದ ಮೊಟ್ಟೆ ತರಲು ಅವರನ್ನು ಒಬ್ಬರನ್ನೇ ಕಳಿಸಬಾರದು. ಹುಂಜದ ಸ್ವಭಾವದಲ್ಲಿ ವಂಶದ ಪಾಲೂ ಇರುವುದರಿಂದ, ಮತ್ತೆ ಮತ್ತೆ ಎಗರುವುದನ್ನು ಮರಿ ಮಾಡಲು ಉಳಿಸಿಕೊಳ್ಳುವುದು ಮುಂದಿನ ವರ್ಷದ ತೊಂದರೆಯನ್ನು ಈಗಲೇ ಕಾವಿಗೆ ಕೂರಿಸಿದಂತೆ. ಅಂಥ ಹುಂಜಕ್ಕೆ ನಮ್ಮ ಹಳ್ಳಿಗಳು ಕಂಡುಕೊಂಡಿರುವ ಪರಿಹಾರ ಮಸಾಲೆ ಅರೆಯುವುದರಿಂದ ಆರಂಭವಾಗುತ್ತದೆ, ಅದನ್ನು ಇಲ್ಲಿ ವಿವರಿಸಬೇಕಾಗಿಲ್ಲ.

ಮುಳ್ಳು ಚುಚ್ಚಿದ ಗಾಯ ಮೇಲೆ ಕಿರಿದಾಗಿ ಕಂಡರೂ ಆಳವಾಗಿರುತ್ತದೆ, ಬಾಯಿ ಬೇಗ ಮುಚ್ಚಿಕೊಂಡು ಕೊಳೆ ಒಳಗೇ ಉಳಿಯುತ್ತದೆ. ಹರಿಯುವ ನೀರು ಮತ್ತು ಸೋಪಿನಿಂದ ಹದಿನೈದು ನಿಮಿಷ ತೊಳೆದು, ಅರಿಸಿನ, ಕಾಫಿಪುಡಿ ತುಂಬದೆ, ಧನುರ್ವಾಯು ಲಸಿಕೆಯ ಬಗ್ಗೆ ವೈದ್ಯರಲ್ಲಿ ವಿಚಾರಿಸಬೇಕು. ಕಣ್ಣಿಗೆ ಅಥವಾ ಕೀಲಿನ ಮೇಲೆ ತಗುಲಿದ್ದರೆ, ಮಧುಮೇಹ ಇರುವವರಿಗೆ ಎಲ್ಲಿ ತಗುಲಿದ್ದರೂ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರೇಬಿಸ್ ಸ್ತನಿಗಳ ರೋಗವಾದ್ದರಿಂದ ಹುಂಜ ಚುಚ್ಚಿದ್ದಕ್ಕೆ ಹುಚ್ಚುನಾಯಿ ಕಡಿತದ ಚುಚ್ಚುಮದ್ದು ಬೇಕಾಗುವುದಿಲ್ಲ.